ಹಿಂದಕ್ಕೆಳೆಯುವ ಸ್ಪ್ರಿಂಗು

ಜೀವಮಾನವೆಲ್ಲ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಉಪಾಧ್ಯಾಯನು ಅರವತ್ತು ತುಂಬಿದ ಮೇಲೆ ಮೋಟಾರು ಬಂಡಿಯ ಬ್ರೇಕನ್ನು ಕುರಿತು ಬರೆಯಹೊರಟರೆ ವಾಚಕರು ನಕ್ಕಾರು. ನಗಲಿ. ಮನೆಯಲ್ಲಿ ಹಳೆಯ ಪಿಕಪ್ಪು ಉಳ್ಳವರು ಮಾತ್ರ ಇದನ್ನು ಕಡೆಯವರೆಗೂ ಓದಬೇಕೆಂದು ನನ್ನ ವಿಜ್ಞಾಪನೆ.

ನಮ್ಮದು ತೋರಣಗಲ್ಲಿಗೆ ಸಮೀಪದ ವಡ್ಡು ಗ್ರಾಮ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ತರುವಾಯ ಈ ಸೀಮೆಯಲ್ಲಿ ಬಂಡಿಗಳನ್ನು ಮಾರಿದವರುಂಟು; ಅಂಥ ಒಬ್ಬರಿಂದ ನನ್ನ ಮಗನು ಈ ಪಿಕಪ್ಪನ್ನು ಕೊಂಡನು. ಕಳೆದ ಚೈತ್ರದಲ್ಲಿ ನಾವಿಬ್ಬರೂ ಮೊಮ್ಮಗನನ್ನು ಕರೆದುಕೊಂಡು ಸೊಂಡೂರಿಗೆ ಹೋಗಿ ಹಿಂದಿರುಗುತ್ತಿದ್ದೆವು. ದಾರಿಯಲ್ಲಿ ಸುಟ್ಟ ಅರಿವೆಯ ವಾಸನೆ ಬಂದಿತು. ಮುಂದೆ ಅದಿರಿನ ಲಾರಿಯೊಂದು ನಿಧಾನಿಸಲು ಮಗನು ಬ್ರೇಕನ್ನು ಒತ್ತಿದನು; ಪೆಡಲು ಕೆಸರಿನಲ್ಲಿಟ್ಟ ಕಾಲಿನಂತೆ ಕೆಳಗಿಳಿಯಿತು. ಅವನು ಗೇರನ್ನು ಇಳಿಸಿ, ಕೈಬ್ರೇಕನ್ನೆಳೆದು, ಬಂಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸುವವರೆಗೆ ನಾನು ಮಗುವನ್ನು ಎದೆಗೆ ಅವುಚಿಕೊಂಡು ಕುಳಿತಿದ್ದೆನು. ಬಲಗಡೆಯ ಹಿಂದಿನ ಗಾಲಿಯ ಹತ್ತಿರ ಕೈ ಒಯ್ಯುವಂತಿರಲಿಲ್ಲ.

ಕಾರಣವನ್ನು ಮಗನು ವಿವರಿಸಿದನು. ಗಾಲಿಯೊಡನೆ ತಿರುಗುವ ಡ್ರಮ್ಮಿನೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಪೆಡಲನ್ನು ಒತ್ತಿದಾಗ ಬ್ರೇಕ್ ಆಯಿಲು ಅವನ್ನು ಹೊರಕ್ಕೆ ನೂಕುತ್ತದೆ. ಕಾಲು ತೆಗೆದ ಮೇಲೆ ಅವನ್ನು ಹಿಂದಕ್ಕೆ ಎಳೆಯತಕ್ಕವು ಸ್ಪ್ರಿಂಗುಗಳು. ಅವು ಸಡಿಲಗೊಂಡರೆ ಶೂ ಸದಾ ಉಜ್ಜುತ್ತದೆ, ಉಜ್ಜಿದರೆ ಕಾವು, ಕಾವಿನಿಂದ ಸ್ಪ್ರಿಂಗು ಮತ್ತಷ್ಟು ಸಡಿಲ. ಕಡೆಗೆ ಆಯಿಲು ಕುದಿದು ಆವಿಯಾಗುತ್ತದೆ. ಆವಿಯು ಅದುಮಿದಷ್ಟೂ ಕುಗ್ಗುವುದರಿಂದ ಪೆಡಲಿನ ಬಲ ಶೂಗಳನ್ನು ಮುಟ್ಟುವುದಿಲ್ಲ. ಬಿಡಲಾರದ ಬ್ರೇಕು ಹಿಡಿಯಲಾರದ ಬ್ರೇಕೂ ಆಗುವುದೆಂಬುದು ನನಗೆ ಅಂದಿನವರೆಗೂ ತಿಳಿದಿರಲಿಲ್ಲ.

ಇನ್ನೊಂದು ಸಂಗತಿ ಮಾತ್ರ ನನಗೆ ತಿಳಿದಿತ್ತು, ಮಗನಿಗೆ ತಿಳಿದಿರಲಿಲ್ಲ. ಮೂರು ತಿಂಗಳ ಹಿಂದೆ ಹೊಸ ಲೈನರು ಹಾಕಿಸುವಾಗ ಮೆಕ್ಯಾನಿಕನು ಸ್ಪ್ರಿಂಗುಗಳನ್ನೂ ಬದಲಿಸೋಣವೆಂದಿದ್ದನು. ನೋಡಲು ಚೆನ್ನಾಗಿಯೇ ಇವೆಯಲ್ಲ, ದುಡ್ಡು ದಂಡವೇಕೆಂದು ತಡೆದವನು ನಾನು. ಅಂದು ರಾತ್ರಿ ಇದನ್ನು ಹೇಳಿಬಿಟ್ಟೆನು. ಅವನು ಬಹಳ ಹೊತ್ತು ಸುಮ್ಮನಿದ್ದು, "ನಾಳೆ ಹೊಸಪೇಟೆಯಿಂದ ಸಾಮಾನು ತರ್ತೀನಿ. ನೀವೂ ಕೂಡ್ರಿ ಅಪ್ಪಾ" ಎಂದನು.

ಮರುದಿನ ಸಮನೆಲದಲ್ಲಿ ಬಂಡಿಯನ್ನು ನಿಲ್ಲಿಸಿ, ಮುಂಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿಯಿಂದೆತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಬರಿಯ ಜಾಕಿಯನ್ನು ನಂಬತಕ್ಕದ್ದಲ್ಲ. ಡ್ರಮ್ಮು ತೆಗೆದೊಡನೆ ಧೂಳನ್ನು ಊದಹೋದೆನು; ಮಗನು ಕೈಹಿಡಿದನು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವುದುಂಟು. ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಎರಡು ಕಡೆಯನ್ನೂ ಒಟ್ಟಿಗೆ ಬಿಚ್ಚಲೂ ಅವನು ಬಿಡಲಿಲ್ಲ. ತಾಳೆಗರಿಯನ್ನು ನಕಲು ಮಾಡುವವನಿಗೆ ಮೂಲಪ್ರತಿ ಕಣ್ಣೆದುರಿಗಿರಬೇಕಷ್ಟೆ. ಹಾಗೆಯೇ ಬಿಚ್ಚದ ಗಾಲಿ. ಆದರೆ ಎಡಬಲಗಳು ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿರುವುದರಿಂದ ಲಿಪಿಕಾರನು ಎಚ್ಚರವಾಗಿರತಕ್ಕದ್ದು.

ಹಳೆಯ ಸ್ಪ್ರಿಂಗು ಕಾವಿಗೆ ನೀಲಿಬಣ್ಣಕ್ಕೆ ತಿರುಗಿತ್ತು. ಸುರುಳಿಗಳ ನಡುವೆ ಉಗುರು ತೂರುವಷ್ಟು ಸಂದು. ಹೊಸದರಲ್ಲಿ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡನ್ನೂ ಕಲ್ಲಿನ ಮೇಲೆ ಬೀಳಿಸಿದಾಗ ಹೊಸದು ಮಂದವಾಗಿ ದಪ್ಪೆಂದಿತು, ಹಳೆಯದು ಠಣ್ಣೆಂದಿತು. ಚೆನ್ನಾಗಿ ನುಡಿದದ್ದೇ ಕೆಟ್ಟದ್ದು! ಶೂಗಳನ್ನು ತಟ್ಟೆಗೆ ಹಿಡಿದಿಡುವ ಚಿಕ್ಕ ಸ್ಪ್ರಿಂಗುಗಳನ್ನು ಒತ್ತಿ, ಮುಚ್ಚಳವನ್ನು ಕಾಲುಸುತ್ತು ತಿರುಗಿಸಿದರೆ ಕೂರುತ್ತವೆ. ಹಿಂದಕ್ಕೆಳೆಯುವ ದೊಡ್ಡವು ಹಾಗಲ್ಲ. ನನ್ನ ಕೈಯ ಇಕ್ಕಳ ಜಾರಿ ಒಂದು ಸ್ಪ್ರಿಂಗು ಕಿವಿಯ ಪಕ್ಕದಲ್ಲೇ ಹಾರಿ ತುಳಸೀಕಟ್ಟೆಗೆ ಬಡಿಯಿತು. ಕನ್ನಡಕವಿಲ್ಲದೆ ಯಾರೂ ಈ ಕೆಲಸಕ್ಕೆ ಕೂರಬಾರದು. ಎರಡನೆಯ ಸಲ ಮಗನು ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ಎಳೆದನು. ಕೊಂಡಿ ತೂತಿನಲ್ಲಿ ಕೂತಿತು. ಹಿಂದೆ ಬಳಪ ಹಿಡಿಸಿದ ಕೈ ಅದು.

ಎರಡನೆಯ ಗಾಲಿಯೂ ಮುಗಿದ ಮೇಲೆ ಕುದಿದ ಆಯಿಲನ್ನು ತೆಗೆದು ಹೊಸದನ್ನು ತುಂಬಿದೆವು. ಸೊಸೆಯು ಪೆಡಲನ್ನು ಒತ್ತುತ್ತಿರಲು ಏರನ್ನು ಹೊರಡಿಸಿ, ಡ್ರಮ್ಮು ಸಲೀಸಾಗಿ ತಿರುಗುವಂತೆ ಶೂಗಳನ್ನು ಸರಿಪಡಿಸಿದೆವು. ಸಾಯಂಕಾಲ ತೋರಣಗಲ್ಲಿನವರೆಗೆ ಹೋಗಿ ಇಳಿದು, ಎರಡು ಗಾಲಿಗಳ ಬಳಿಯೂ ಅಂಗೈ ಹಿಡಿದು ನೋಡಿದೆನು. ಎರಡೂ ಒಂದೇ ಸಮನಾಗಿ ಉಗುರುಬೆಚ್ಚಗಿದ್ದವು. ಮೊಮ್ಮಗನೂ ಬಗ್ಗಿ ತನ್ನ ಕೈಯನ್ನಿಟ್ಟು, "ತಾತಾ, ಈಗ ಸುಡೋದಿಲ್ಲ" ಎಂದನು.