ಬೋಡೆನ್ಸೀ ದಂಡೆಯಿಂದ ಸುಮಾಳಿಗೆ

ಫ್ರೀಡ್ರಿಕ್ಸ್‌ಹಾಫೆನ್, ಜರ್ಮನಿ
29 ಜೂನ್ 2025

ಚಿ. ಸುಮಾ,

ಇಲ್ಲಿ ಊಟಕ್ಕೆ ಬ್ರೆಡ್ಡು, ಚೀಸು, ಆಲೂಗಡ್ಡೆ. ಸಾರಿನ ಪುಡಿ ಕಟ್ಟಿಕೊಟ್ಟ ನಿಮ್ಮಮ್ಮನನ್ನು ದಿನಾ ನೆನೆಯುತ್ತಿದ್ದೇನೆ. ಊರು ಬೋಡೆನ್ಸೀ ಎಂಬ ದೊಡ್ಡ ಸರೋವರದ ದಂಡೆಯಲ್ಲಿದೆ. ಆಚೆ ದಡ ಸ್ವಿಟ್ಜರ್‌ಲೆಂಡ್, ಫೆರ್ರಿ ಹತ್ತಿದರೆ ರೊಮಾನ್ಸ್‌ಹಾರ್ನ್. ಪ್ರತಿವರ್ಷ ಜೂನ್ ಕೊನೆಗೆ ಇಲ್ಲಿ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ ಜಾತ್ರೆ. ಹಳೇ ರೇಡಿಯೊ, ವಾಲ್ವು, ಮೋರ್ಸ್ ಕೀಗಳ ಅಂಗಡಿ ಸಾಲುಸಾಲು. ಎಲ್ಲರ ಎದೆಯ ಮೇಲೂ ಕಾಲ್ ಸೈನ್, ಅಂದರೆ ರೇಡಿಯೊದಲ್ಲಿ ಅವರನ್ನು ಗುರುತಿಸುವ ಅಕ್ಷರ, ಅಂಕಿಗಳು. ಹೆಸರು ಕೇಳುವ ಮೊದಲು ಅದನ್ನೇ ಓದಿ ಮಾತಿಗಿಳಿಯುತ್ತಾರೆ.

ನೀನು ಹ್ಯಾಮ್ ಪರೀಕ್ಷೆಗೆ ಓದುತ್ತಿದ್ದೀಯಲ್ಲ, ಪಠ್ಯದಲ್ಲಿ ಸಿಗದ ಒಂದು ಸಂಗತಿ ಬರೆಯುತ್ತೇನೆ. ನಾನು ಉಳಿದುಕೊಂಡಿರುವ ಮನೆಯ ಅಜ್ಜ ಹಳೇ ಹ್ಯಾಮ್. ನಿನ್ನೆ ಊಟವಾದ ಮೇಲೆ ಅವರ ರೇಡಿಯೊ ಕೋಣೆಯಲ್ಲಿ ಕೂತೆವು. ಒಂಬತ್ತೂವರೆಯಾದರೂ ಹೊರಗೆ ಬೆಳಕು. ಪರದೆಯ ಮೇಲೆ ಸಾಲುಗಳು ಒಂದೇ ಸಮನೆ ಉರುಳುತ್ತಿದ್ದವು. ಒಂದೊಂದು ಸಾಲಿನಲ್ಲೂ ಐದೇ ಸಂಗತಿ: ಕೇಳಿಸಿಕೊಂಡವರ ಕಾಲ್ ಸೈನ್, ಫ್ರೀಕ್ವೆನ್ಸಿ, ದೂರದ ಸ್ಟೇಷನ್ನಿನ ಕಾಲ್ ಸೈನ್, ಚುಟುಕು ಟಿಪ್ಪಣಿ, ಯುಟಿಸಿ ಎಂಬ ಜಾಗತಿಕ ಸಮಯದ ಗಂಟೆ. ಇದೇ ಸ್ಪಾಟ್. ಒಬ್ಬರು ಹಾಕಿದರೆ ಕ್ಷಣದಲ್ಲಿ ಜಗತ್ತಿಗೆಲ್ಲ ಗೊತ್ತು.

ಇಟಲಿಯವರೊಬ್ಬರ ಸಾಲು ಬಂತು: 14205 ಕಿಲೊಹರ್ಟ್ಸ್, ವಿಯು2 ಎಂದು ಶುರುವಾಗುವ ನಮ್ಮ ದೇಶದ ಸ್ಟೇಷನ್, ಸಮಯ 1942, ಅಂದರೆ ಯುಟಿಸಿ 19 ಗಂಟೆ 42 ನಿಮಿಷ. ನಮ್ಮಲ್ಲಿ ಆಗ ರಾತ್ರಿ 1 ಗಂಟೆ 12 ನಿಮಿಷ! ಅಜ್ಜ ಆ ಸಾಲನ್ನು ಒತ್ತಿದರು, ರೇಡಿಯೊ ತಾನಾಗಿ ಅಲ್ಲಿಗೆ ಹೊರಳಿತು. ಕರಕರ ಸದ್ದಿನೊಳಗಿಂದ ‘ವಿಕ್ಟರ್ ಯೂನಿಫಾರ್ಮ್ ಟೂ’ ಎಂದು ನಮ್ಮ ಕಡೆಯ ಇಂಗ್ಲಿಷ್ ಕೇಳಿ ನನಗೆ ಮೈ ಜುಮ್ಮೆಂದಿತು. ಅಷ್ಟರಲ್ಲಿ ಯುರೋಪಿನ ಮೂಲೆಮೂಲೆಯಿಂದ ಕರೆ. ಈ ನೂಕುನುಗ್ಗಲಿಗೆ ಪೈಲ್‌ಅಪ್ ಅನ್ನುತ್ತಾರೆ. ಅಜ್ಜ ಮಾತ್ರ ಮೈಕ್ ಮುಟ್ಟಲಿಲ್ಲ. ಪೂರ್ತಿ ಕಾಲ್ ಸೈನ್ ಎರಡು ಸಲ ಸ್ಪಷ್ಟವಾಗಿ ಕೇಳಿಸಿದ ಮೇಲೆಯೇ ಕರೆದರು.

ಸ್ಪಾಟ್ ಇಲ್ಲದ ಕಾಲದಲ್ಲಿ ಅಪರೂಪದ ಸ್ಟೇಷನ್ ಕೇಳಿಸಿದರೆ ಗೆಳೆಯರಿಗೆ ಫೋನು ಮಾಡಬೇಕಿತ್ತು. 1980ರ ದಶಕದಲ್ಲಿ ಅಮೆರಿಕದ ಡಿಕ್ ನ್ಯೂವೆಲ್ ಪ್ಯಾಕೆಟ್‌ಕ್ಲಸ್ಟರ್ ತಂತ್ರಾಂಶ ಬರೆದರು. ಕಂಪ್ಯೂಟರುಗಳು ರೇಡಿಯೊ ಮೂಲಕವೇ ಸುದ್ದಿ ದಾಟಿಸತೊಡಗಿದವು. ಇಂಟರ್‌ನೆಟ್ ಬಂದ ಮೇಲೆ ಊರೂರಿನ ಜಾಲಗಳೆಲ್ಲ ಬೆಸೆದುಕೊಂಡವು. ಈಗ ರಿವರ್ಸ್ ಬೀಕನ್ ನೆಟ್‌ವರ್ಕಿನ ರಿಸೀವರುಗಳು ಮೋರ್ಸ್ ಸಂಕೇತವನ್ನು ತಾವೇ ಓದಿ ಸ್ಪಾಟ್ ಹಾಕುತ್ತವೆ.

ಅಜ್ಜನ ಗೋಡೆಯಲ್ಲಿ ವಿಯು4ಆರ್‌ಬಿಐ ಎಂದು ಬರೆದ ಕಾರ್ಡಿದೆ, ಆ ಸ್ಟೇಷನ್ನಿನೊಡನೆ ಮಾತಾಡಿದ್ದಕ್ಕೆ ಗುರುತು. 2004ರ ಡಿಸೆಂಬರಿನಲ್ಲಿ ನಮ್ಮ ದೇಶದ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಅಂಡಮಾನಿನಿಂದ ಮಾತಾಡುತ್ತಿದ್ದಾಗ, ಸ್ಪಾಟ್ ನೋಡಿ ಅಜ್ಜ ಹಿಡಿದ ಸ್ಟೇಷನ್ ಅದು. ಅದೇ 26ರಂದು ಸುನಾಮಿ ಬಂತು. ಕಾರ್ಡಿನ ಆಸೆಗೆ ಕರೆಯುತ್ತಿದ್ದವರೆಲ್ಲ ಆ ಫ್ರೀಕ್ವೆನ್ಸಿ ಬಿಟ್ಟುಕೊಡಬೇಕಾಯಿತು. ಆ ಸ್ಟೇಷನ್ ತುರ್ತು ಸಂದೇಶಗಳಿಗೆ ಮೀಸಲಾಯಿತು.

ಆದರೆ ಸ್ಪಾಟ್ ತಪ್ಪಾಗುವುದೂ ಎಷ್ಟು ಸುಲಭ ನೋಡು. ಮೋರ್ಸ್‌ನಲ್ಲಿ 3 ಅಂದರೆ ಮೂರು ಚುಕ್ಕಿ, ಎರಡು ಗೀಟು. 4 ಅಂದರೆ ನಾಲ್ಕು ಚುಕ್ಕಿ, ಒಂದು ಗೀಟು. ಮೂರರ ಮೊದಲ ಗೀಟು ಚುಕ್ಕಿಯಾಗಿ ಕೇಳಿಸಿದರೆ ಸಾಕು, ಬೆಂಗಳೂರಿನ ವಿಯು3 ಅಂಡಮಾನಿನ ವಿಯು4 ಆಗಿಬಿಡುತ್ತದೆ. ಹ್ಯಾಮ್‌ಗಳ ಲೆಕ್ಕದಲ್ಲಿ ಅಂಡಮಾನ್ ಬೇರೆಯೇ ಪ್ರದೇಶ. ಜನ ಮುಗಿಬೀಳುತ್ತಾರೆ, ಕಿವಿಗೆ ಏನೂ ಕೇಳಿಸದವರೂ ಪರದೆ ನಂಬಿ ಕೂಗುತ್ತಾರೆ. ಪರದೆ ಜಾಗ ತೋರಿಸೀತು, ಕೇಳಿಸಿಕೊಳ್ಳುವ ಕೆಲಸ ನಮ್ಮದೇ.

ನಿನಗೆ ಲೈಸೆನ್ಸ್ ಬಂದ ದಿನ ನನ್ನ ಹಳೇ ಸೆಟ್ಟು ನಿನ್ನದು. ಒಂದೇ ಷರತ್ತು: ನಿನ್ನ ಕಿವಿಗೆ ಪೂರ್ತಿ ಬೀಳದ ಕಾಲ್ ಸೈನನ್ನು ಕರೆಯಲೂ ಕೂಡದು, ಸ್ಪಾಟ್ ಹಾಕಲೂ ಕೂಡದು.

ಇಂತಿ,
ನಿನ್ನ ಮಾಮ