ಅಗಲ ಕಳೆದುಕೊಂಡ ಮುಖಗಳು

1980 ಮತ್ತು 1990ರ ದಶಕಗಳಲ್ಲಿ ಮದುವೆ, ಗೃಹಪ್ರವೇಶಾದಿ ಮಂಗಳಕಾರ್ಯಗಳನ್ನು ವಿಡಿಯೋ ಕ್ಯಾಸೆಟ್ಟಿನಲ್ಲಿ ಹಿಡಿದಿಡಿಸುವ ವಾಡಿಕೆ ನಮ್ಮ ಮನೆತನಗಳಲ್ಲಿ ಬೆಳೆಯಿತು. ಆ ಕ್ಯಾಸೆಟ್ಟುಗಳು ಇಂದು ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿವೆ. ಅವುಗಳನ್ನು ನುಡಿಸುವ ವಿ.ಎಚ್.ಎಸ್. ಯಂತ್ರಗಳ ಕೊನೆಯ ತಯಾರಕರೆನಿಸಿದ್ದ ಜಪಾನಿನ ಫುನಾಯ್ ಸಂಸ್ಥೆಯೂ 2016ರಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಕ್ಯಾಸೆಟ್ಟುಗಳನ್ನು ಗಣಕಯಂತ್ರದ ಕಡತಗಳನ್ನಾಗಿ ಮಾಡಿಸುವ ಕಾರ್ಯ ಇನ್ನು ತಡವಾಗಬಾರದು. ಆದರೆ ಆ ಕಾರ್ಯದಲ್ಲಿ ನುಸುಳುವ ಒಂದು ಲೋಪವನ್ನು ಬಂಧುಗಳ ಗಮನಕ್ಕೆ ತರಬೇಕಾಗಿದೆ.

ನಮ್ಮ ಮನೆಯ ಗೃಹಪ್ರವೇಶ ನಡೆದುದು 1994ರಲ್ಲಿ. ಲಿಂಗೈಕ್ಯರಾದ ನಮ್ಮ ತಾಯಿಯವರು ನಡೆದಾಡುವ, ಮಾತನಾಡುವ ಚಿತ್ರವಿರುವುದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಮಕ್ಕಳು ಅದನ್ನು ಅಂಗಡಿಯೊಂದರಲ್ಲಿ ಪರಿವರ್ತಿಸಿ ತಂದರು. ತಾಯಿಯವರದು ತುಂಬುಮುಖ, ವಿಶಾಲವಾದ ಹಣೆ. ತೆರೆಯ ಮೇಲೆ ಕಂಡವರು ಕೃಶಾಂಗಿ. ಅವರನ್ನು ಕಂಡರಿಯದ ಮೊಮ್ಮಗಳು, “ಮುತ್ತಜ್ಜಿಗೆ ಆಗ ಕಾಯಿಲೆಯಿತ್ತೆ?” ಎಂದು ಕೇಳಿದಳು. ಆ ವರ್ಷ ಅವರು ಗಟ್ಟಿಮುಟ್ಟಾಗಿಯೇ ಇದ್ದರು. ನೋಡಿದವರ ಕಣ್ಣು ತಾನೇ ತಿದ್ದಿಕೊಂಡೀತು; ನೋಡದವರಿಗೆ ತೆರೆಯ ಮೇಲಿನದೇ ಅವರ ಮುಖ.

ಅಂಗಡಿಯವರನ್ನು ವಿಚಾರಿಸಲಾಗಿ, “ಹಳೆಯ ಟೇಪು, ಹೀಗೆಯೇ ಬರುತ್ತದೆ” ಎಂದರು. ನನಗೆ ಸಮಾಧಾನವಾಗಲಿಲ್ಲ. ದೃಶ್ಯವೊಂದರಲ್ಲಿ ದುಂಡನೆಯ ಗೋಡೆಗಡಿಯಾರ ನೇರವಾಗಿ ಕಾಣುತ್ತಿತ್ತು. ಚಿತ್ರವನ್ನು ನಿಲ್ಲಿಸಿ ಅಳತೆಪಟ್ಟಿ ಹಿಡಿದೆ. ಎತ್ತರ 8 ಸೆಂ.ಮೀ., ಅಗಲ ಏಳೂವರೆ. ಟೇಪು ಹಳತಾದರೆ ಬಣ್ಣ ಮಾಸಬಹುದು, ಗೆರೆಗಳು ನಡುಗಬಹುದು. ಎಲ್ಲ ವಸ್ತುಗಳೂ ಒಂದೇ ಪ್ರಮಾಣದಲ್ಲಿ ಸೊರಗುವುದಿಲ್ಲ.

ಕಾರಣವನ್ನು ಅರಸಿದಾಗ ಲೆಕ್ಕ 1982ಕ್ಕೆ ಹೋಗಿ ನಿಂತಿತು. ನಮ್ಮ ದೂರದರ್ಶನ ಬಣ್ಣ ತೊಟ್ಟ ವರ್ಷವೂ ಅದೇ. ಅಂತರರಾಷ್ಟ್ರೀಯ ರೇಡಿಯೋ ಸಲಹಾ ಸಮಿತಿಯು ಅಮೆರಿಕದ 525 ಗೆರೆಗಳ ಪದ್ಧತಿಗೂ ನಮ್ಮ 625 ಗೆರೆಗಳ ಪದ್ಧತಿಗೂ ಹೊಂದುವಂತೆ, ಗೆರೆಯೊಂದಕ್ಕೆ 720 ಬಿಂದುಗಳೆಂದು ಆಗ ಗೊತ್ತುಮಾಡಿತು. ಈ ಬಿಂದುವೇ ಪಿಕ್ಸೆಲ್. ಚಿತ್ರವಿರುವ ಗೆರೆಗಳು ನಮ್ಮಲ್ಲಿ 576, ಅಲ್ಲಿ 480. ಟಿ.ವಿ. ತೆರೆಯಾದರೋ ಎರಡೂ ಕಡೆ 4ಕ್ಕೆ 3. 720ಕ್ಕೆ 576 ಎಂದರೆ 5ಕ್ಕೆ 4. ತೆರೆ ತುಂಬಬೇಕಾದರೆ ನಮ್ಮ ಬಿಂದು ತನ್ನ ಎತ್ತರಕ್ಕಿಂತ ತುಸು ಅಗಲವಾಗಿರಬೇಕು, ಸುಮಾರು 16ಕ್ಕೆ 15. ಅಮೆರಿಕದ ಬಿಂದು ಕಿರಿದು. ಗಣಕಯಂತ್ರದ ಬಿಂದು ಸರಿಚೌಕ. ಈ ಭೇದವನ್ನು ಮರೆತು ಕಡತವನ್ನು ಹೊರತೆಗೆದರೆ ನಮ್ಮವರು ಬಡಕಲಾಗುತ್ತಾರೆ, ಅಮೆರಿಕದಲ್ಲಿ ನೆಲಸಿದ ಬಂಧುಗಳು ಅಲ್ಲಿ ತೆಗೆಸಿದ ಕ್ಯಾಸೆಟ್ಟಿನಲ್ಲಿ ದಢೂತಿಯಾಗುತ್ತಾರೆ. ಛಂದಸ್ಸು ಕಲಿತವರಿಗೆ ಇದು ಹೊಸತಲ್ಲ: ಲಘುವೂ ಒಂದಕ್ಷರ, ಗುರುವೂ ಒಂದಕ್ಷರ, ಅಕ್ಷರವೆಣಿಸಿದ ಮಾತ್ರಕ್ಕೆ ಮಾತ್ರೆ ತಿಳಿಯದು.

ಪರಿಹಾರ ಸರಳ. ಕಡತವನ್ನು ಹೊರತೆಗೆಯುವಾಗ ಚೌಕಟ್ಟು 768ಕ್ಕೆ 576, ಬಿಂದು ಸರಿಚೌಕ ಎಂದು ನಿಗದಿಪಡಿಸಬೇಕು. 720ನ್ನೇ ಉಳಿಸಿ ಬಿಂದುವಿನ ಪ್ರಮಾಣವನ್ನು ಕಡತದೊಳಗೆ ಬರೆದಿಡುವುದೂ ಶಾಸ್ತ್ರಸಮ್ಮತವೇ. ಆದರೆ ಕೆಲವು ಯಂತ್ರಗಳು ಆ ಬರಹವನ್ನು ಓದುವುದೇ ಇಲ್ಲ. ಕೆಲವು ತಂತ್ರಾಂಶಗಳು 1.067 ಎಂದೂ ಕೆಲವು 1.094 ಎಂದೂ ತೋರಿಸುತ್ತವೆ. ಎರಡನೆಯದು ಅಂಚಿನ ಕೆಲವು ಬಿಂದುಗಳನ್ನು ಬಿಟ್ಟು ಮಾಡಿದ ಲೆಕ್ಕ. ಗೃಹಸ್ಥರು ಇದಕ್ಕಾಗಿ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅಗಲವನ್ನಷ್ಟೇ ಹಿಗ್ಗಿಸಬೇಕು, ಎತ್ತರವನ್ನು ಮುಟ್ಟಲಾಗದು. ಬೆಸ ಗೆರೆಗಳೂ ಸಮ ಗೆರೆಗಳೂ ಬೇರೆಬೇರೆ ಕ್ಷಣದವು. ಎತ್ತರ ಬದಲಿಸಿದರೆ ಅವು ಒಂದರೊಳಗೊಂದು ಬೆರೆತು, ಬೀಸಿದ ಕೈ ಬಾಚಣಿಗೆಯಂತೆ ಕಾಣುತ್ತದೆ.

ಇನ್ನೊಂದು ಉಪದ್ರವ ಮನೆಯ ಟಿ.ವಿ.ಯದು. ಇಂದಿನ ತೆರೆ 16ಕ್ಕೆ 9. 1920ಕ್ಕೆ 1080 ಬಿಂದುಗಳ ತೆರೆಯಲ್ಲಿ ಹಳೆಯ ಚಿತ್ರಕ್ಕೆ ಸಲ್ಲುವುದು ನಡುವಿನ 1440 ಮಾತ್ರ. ಎರಡೂ ಪಕ್ಕಕ್ಕೆ 240ರಷ್ಟು ಕಪ್ಪು ಉಳಿಯುತ್ತದೆ. ಈ ಕಪ್ಪನ್ನು ಸಹಿಸಲಾರದೆ ಚಿತ್ರವನ್ನು ಎಳೆದು ತುಂಬಿಸುವವರಿದ್ದಾರೆ. ಆಗ ಮುಖ ಮೂರನೆಯ ಒಂದು ಪಾಲು ಹೆಚ್ಚು ಅಗಲವಾಗುತ್ತದೆ. ನಮ್ಮ ಮನೆಯ ತರುಣರಿಗೂ ತುಂಬಿದ ತೆರೆಯೇ ಪ್ರಿಯ. ನನ್ನ ಮತ ಕಪ್ಪಿನ ಕಡೆಗೆ.

ಅಂಗಡಿಯಲ್ಲಿ ಮೊದಲು ಸೆರೆಹಿಡಿದ 720ರ ಮೂಲಕಡತ ಪುಣ್ಯಕ್ಕೆ ಉಳಿದಿತ್ತು. ಅದರಿಂದಲೇ ಹೊಸ ಪ್ರತಿ ತೆಗೆಸಿದೆವು. ಜೀರ್ಣವಾದ ಟೇಪನ್ನು ಮತ್ತೊಮ್ಮೆ ಓಡಿಸಬೇಕಾಗಲಿಲ್ಲ. ಕ್ಯಾಸೆಟ್ಟು ಕೊಡುವವರು ಆ ಮೂಲಕಡತವನ್ನೂ ಕೇಳಿ ಪಡೆಯಬೇಕು, ಹಣ ಸಲ್ಲಿಸುವ ಮುನ್ನ ದುಂಡಗಿನ ಯಾವುದಾದರೊಂದು ವಸ್ತುವನ್ನು ಅಳೆದು ನೋಡಬೇಕು. ತಟ್ಟೆಯಾದರೂ ಸರಿ, ಗಡಿಯಾರವಾದರೂ ಸರಿ.