ಎರಡು ನದಿಗಳ ತವರು ಈ ದುರ್ಗ

ತುಮಕೂರಿನಿಂದ ಶಿರಾ ಕಡೆಗೆ ಹೊರಟ ಬಸ್ಸು ಕೋರದ ಹತ್ತಿರ ಬಂದಾಗ ಪ್ರಯಾಣಿಕರ ಕಣ್ಣಿಗೆ ಬೀಳುವುದು ತೆಂಗಿನ ತೋಟ, ರಾಗಿ ಹೊಲ ಮತ್ತು ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಉದ್ದುದ್ದ ಶೆಡ್ಡುಗಳು. ಬಸ್ಸಿನಿಂದಿಳಿದು ಆಗ್ನೇಯಕ್ಕೆ ಮುಖ ಮಾಡಿ ನಿಂತರೆ ಮಾತ್ರ ಬೇರೊಂದು ಚಿತ್ರ. ಮೋಡವಿಲ್ಲದ ಬೆಳಿಗ್ಗೆ, ಬಯಲಿನ ಅಂಚಿನಲ್ಲಿ ನೀಲಿ ಬಣ್ಣದ ಬೆಟ್ಟಗಳ ಸಾಲು. ಅದೇ ದೇವರಾಯನದುರ್ಗ.

ಕೋರ ಹೋಬಳಿಯವರಿಗೂ ತುಮಕೂರು, ಗುಬ್ಬಿಯವರಿಗೂ ದುರ್ಗವೆಂದರೆ ನರಸಿಂಹಸ್ವಾಮಿ. ಮನೆದೇವರ ಹರಕೆ, ಮಗುವಿನ ಮುಡಿ, ಫಾಲ್ಗುಣದ ತೇರು. ಬೆಂಗಳೂರಿನವರಿಗೆ ಅದು ಭಾನುವಾರದ ಕಾರು ಸವಾರಿ. ದೇವಸ್ಥಾನದ ಬಾಗಿಲವರೆಗೂ ಡಾಂಬರು ರಸ್ತೆ ಇರುವುದರಿಂದ ಯಾರೂ ಬೆವರಬೇಕಾಗಿಲ್ಲ. ಆದರೆ ಈ ಬೆಟ್ಟವನ್ನು ನಿಜವಾಗಿ ಕಾಣಬೇಕೆಂದಿರುವವರು ನಾಮದ ಚಿಲುಮೆಯಲ್ಲಿ ವಾಹನ ಬಿಟ್ಟು ಕಾಲಿಗೆ ಕೆಲಸ ಕೊಡಬೇಕು. ಅಲ್ಲಿಂದ ಮೇಲಕ್ಕೆ ಕಾಡು, ಕಾಡು ದಾಟಿದರೆ ಕೋಟೆ, ಕೋಟೆ ದಾಟಿದರೆ ಆಕಾಶ.

ಬಾಣ ತಾಗಿದ ಬಂಡೆ

ತುಮಕೂರಿನಿಂದ ಸುಮಾರು 10 ಕಿ.ಮೀ. ದೂರದ ನಾಮದ ಚಿಲುಮೆ ಒಂದು ಪುಟ್ಟ ಸೋಜಿಗ. ಹೆಬ್ಬಂಡೆಯ ನಡುವೆ ಬೊಗಸೆಯಷ್ಟು ಗುಂಡಿ, ಅದರಲ್ಲಿ ತಣ್ಣಗಿನ ನೀರು. ವನವಾಸದ ರಾಮ ಇಲ್ಲಿ ತಂಗಿದ್ದನಂತೆ. ಹಣೆಗೆ ನಾಮ ತೇಯ್ದುಕೊಳ್ಳಲು ಹನಿ ನೀರೂ ಸಿಗದಿದ್ದಾಗ ಬಂಡೆಗೆ ಬಾಣ ಹೊಡೆದನಂತೆ, ಚಿಲುಮೆ ಉಕ್ಕಿತಂತೆ. ಬಯಲುಸೀಮೆಯ ಕಥೆಗಳಲ್ಲಿ ದೇವರೂ ನೀರಿಗಾಗಿ ಬಾಣ ಹೂಡಬೇಕಾಗುತ್ತದೆ ಎಂಬುದನ್ನು ಗಮನಿಸಬೇಕು.

ಚಿಲುಮೆಯ ಪಕ್ಕದಲ್ಲೇ ಅರಣ್ಯ ಇಲಾಖೆಯ ವಿಶ್ರಾಂತಿಗೃಹ, ರಸ್ತೆಯಾಚೆ ಜಿಂಕೆವನ. ಹಳೆಯ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿ ಈ ವಿಶ್ರಾಂತಿಗೃಹದಲ್ಲಿ ಬಿಡಾರ ಹೂಡಿದ್ದರು. ಅವರು ಕಿವಿಗೊಟ್ಟ ಕಾಡಿನಲ್ಲಿ ಇಂದಿಗೂ ಬೆಳಗಿನ ಮೇಳ ನಿಂತಿಲ್ಲ. ನವಿಲು, ಮರಕುಟಿಗ, ಕಾಜಾಣಗಳ ಜೊತೆಗೆ ಇಲ್ಲಿನ ವಿಶೇಷ ಅತಿಥಿ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲಲ್ಲಿ ಮಾತ್ರ ಬಾಳುವ ಈ ಹಕ್ಕಿಯನ್ನು ನೋಡಲೆಂದೇ ದೂರದೂರದಿಂದ ದುರ್ಬೀನು ಹಿಡಿದು ಬರುವವರಿದ್ದಾರೆ.

ಎಲೆ ಉದುರುವ ಕಾಡು

ಚಿಲುಮೆಯಿಂದ ಮುಂದಕ್ಕೆ ದಾರಿ ನಿಧಾನವಾಗಿ ಏರತೊಡಗುತ್ತದೆ. ಮಲೆನಾಡಿನ ದಟ್ಟ ಹಸಿರು ಇಲ್ಲಿಲ್ಲ. ಇದು ಎಲೆ ಉದುರುವ ಒಣಕಾಡು. ದಿಂಡಿಗ, ಕಗ್ಗಲಿ, ತಾರೆ, ಮುತ್ತುಗ, ಬಿದಿರಿನ ಮೆಳೆ. ಅವುಗಳ ಕೆಳಗೆ ಕಾರೆ, ಬಂದರಿ, ಕವಳಿ. ಎಲ್ಲಕ್ಕಿಂತ ಹೆಚ್ಚಾಗಿ, ಹೊರಗಿನಿಂದ ಬಂದು ಮನೆಯೊಡೆಯನಂತೆ ಕೂತಿರುವ ಲಂಟಾನ. ಮಳೆ ಬಿದ್ದ ಮೇಲೆ, ಆಗಸ್ಟಿನಿಂದ ನವೆಂಬರಿನವರೆಗೆ, ಇದೇ ಕಾಡು ಮಂಜು ಹೊದ್ದು ಮಲೆನಾಡನ್ನೂ ನಾಚಿಸುತ್ತದೆ. ಫೆಬ್ರುವರಿಯ ಹೊತ್ತಿಗೆ ಎಲೆ ಕಳಚಿ ಅಸ್ಥಿಪಂಜರವಾಗಿ ನಿಲ್ಲುತ್ತದೆ. ಆಗ ಮುತ್ತುಗ ಒಂದೇ ಕೆಂಪಗೆ ಉರಿಯುತ್ತಿರುತ್ತದೆ.

ಚಿರತೆ, ಕರಡಿ ಈ ಕಾಡಿನ ಖಾಯಂ ನಿವಾಸಿಗಳು. ಹಗಲಿನಲ್ಲಿ ಅವು ಎದುರಾಗುವುದು ಅಪರೂಪ. ದಾರಿಯ ಧೂಳಿನಲ್ಲಿ ಹೆಜ್ಜೆ ಗುರುತು, ಹುತ್ತ ಕೆದಕಿದ ಗಾಯ ಮಾತ್ರ ಕಾಣಬಹುದು. ರಾತ್ರಿ ಓಡಾಡುವ, ಬೆರಗುಗಣ್ಣಿನ ಕಾಡುಪಾಪಕ್ಕೆ ತುಮಕೂರು ಸೀಮೆಯೇ ಹೆಸರಾದ ನೆಲೆ. ಕಾಡಿನೊಳಗೆ ಗುಂಪಾಗಿ, ಬೆಳಕಿರುವಾಗ, ಇಲಾಖೆಯವರ ಅನುಮತಿ ಪಡೆದೇ ನಡೆಯಬೇಕೆಂಬ ನಿಯಮಕ್ಕೆ ಇವೇ ಕಾರಣ. ಗದ್ದಲ ಮಾಡುತ್ತ ನಡೆಯುವವರಿಗೆ ಕೋತಿಗಳ ಹೊರತು ಬೇರೇನೂ ಕಾಣಿಸುವುದಿಲ್ಲ.

ಮೂರು ಹೆಸರಿನ ಬೆಟ್ಟ

ಏರುತ್ತ ಏರುತ್ತ ಮರಗಳು ಗಿಡ್ಡವಾಗುತ್ತವೆ, ಬಂಡೆಗಳು ದೊಡ್ಡದಾಗುತ್ತವೆ. ಈ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರನ್ನೇ ಭೂವಿಜ್ಞಾನಿಗಳು ಇಟ್ಟಿರುವ ಗ್ರಾನೈಟಿನ ಪಟ್ಟಿಯೊಂದು ದಕ್ಷಿಣದಿಂದ ಉತ್ತರಕ್ಕೆ ನಾಡಿನ ಬೆನ್ನುಮೂಳೆಯಂತೆ ಚಾಚಿದೆ. ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ ಎಲ್ಲವೂ ಅದರದೇ ಗಂಟುಗಳು. ಕುಣಿಗಲ್ ಸೀಮೆಯ ಹುತ್ರಿದುರ್ಗ, ಹುಲಿಯೂರುದುರ್ಗಗಳನ್ನು ಸೇರಿಸಿದರೆ ಒಂದು ದಿನದ ನಡಿಗೆಗೊಂದರಂತೆ ದುರ್ಗಗಳ ಸರಮಾಲೆ. ಒಂದು ಕೋಟೆಯಲ್ಲಿ ಬೆಂಕಿ ಕಂಡರೆ ಇನ್ನೊಂದು ಕೋಟೆ ಎಚ್ಚರಗೊಳ್ಳಬಹುದಾದ ಅಂತರ.

ಭೋಗನರಸಿಂಹನ ಗುಡಿಯ ಸಮೀಪ ಕೋಟೆಯ ಕುರುಹುಗಳು ಕಾಣಸಿಗುತ್ತವೆ. ಇಲ್ಲಿನ ದುರ್ಗಗಳನ್ನು ಕಟ್ಟಿದವರು ಜಿಪುಣರು, ಆದರೆ ಜಾಣರು. ಎಲ್ಲಿ ಕಡಿದಾದ ಬಂಡೆ ಇದೆಯೋ ಅಲ್ಲಿ ಗೋಡೆ ಎಬ್ಬಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಬಂಡೆಗೂ ಬಂಡೆಗೂ ನಡುವಿನ ಸಂದುಗಳನ್ನಷ್ಟೇ ಕಲ್ಲಿನ ಗೋಡೆಯಿಂದ ಮುಚ್ಚುತ್ತಿದ್ದರು. ಅರ್ಧ ಕೋಟೆಯನ್ನು ಪ್ರಕೃತಿಯೇ ಕಟ್ಟಿಕೊಟ್ಟಿರುವಾಗ ಉಳಿದರ್ಧ ಮನುಷ್ಯರ ಪಾಲಿಗೆ. ಇಂದು ಆ ಮನುಷ್ಯರ ಪಾಲು ಕುಸಿದಿದೆ; ಗೋಡೆಯ ಸಂದುಗಳಲ್ಲಿ ಆಲ, ಅತ್ತಿಯ ಬೇರು ಇಳಿದು ಕಲ್ಲನ್ನು ಕಲ್ಲಿನಿಂದ ಬೇರ್ಪಡಿಸುತ್ತಿದೆ. ಪ್ರಕೃತಿಯ ಪಾಲು ಹಾಗೆಯೇ ನಿಂತಿದೆ.

ಈ ಬೆಟ್ಟ ಹೆಸರು ಬದಲಿಸಿಕೊಂಡದ್ದೂ ಒಡೆಯರು ಬದಲಾದಂತೆ. ಪುರಾಣದಲ್ಲಿ ಇದು ಕರಿಗಿರಿ. ಹೊಯ್ಸಳರ ಕಾಲದಲ್ಲಿ ಇಲ್ಲಿ ಆನೆಬಿದ್ದಜರಿ ಎಂಬ ಊರಿತ್ತೆಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಆನೆಯೇ ಕಾಲು ಜಾರಿ ಬಿದ್ದ ಜಾಗವೆಂದರೆ ದಾರಿಯ ಕಷ್ಟ ಊಹಿಸಿಕೊಳ್ಳಬಹುದು. ಬಳಿಕ ಜಡಕನೆಂಬ ಪಾಳೆಯಗಾರ ಇಲ್ಲಿ ನೆಲೆಯೂರಿದ, ಜಡಕನ ದುರ್ಗವಾಯಿತು. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ಇದನ್ನು ಗೆದ್ದುಕೊಂಡ ಮೇಲೆ ದೇವರಾಯನದುರ್ಗವೆಂಬ ಹೆಸರು ನಿಂತಿತು. ಜಡಕನ ಹೆಸರು ಪುಸ್ತಕದಲ್ಲಿ ಉಳಿದಿದೆ, ಒಡೆಯರ ಹೆಸರು ಬಸ್ಸಿನ ಬೋರ್ಡಿನ ಮೇಲಿದೆ. ಆನೆಯ ಹೆಸರೂ ಇದೆ, ಆನೆ ಮಾತ್ರ ಇಲ್ಲ.

ಭೋಗನರಸಿಂಹನ ಗುಡಿಯಿಂದ ಮೇಲಕ್ಕೆ ಮೆಟ್ಟಿಲು ಹತ್ತಿದರೆ ಕುಂಭಿಯ ಯೋಗನರಸಿಂಹ. ಕೆಳಗಿನವನು ಸಂಸಾರಿ, ಮೇಲಿನವನು ಯೋಗಿ. ಸಮುದ್ರಮಟ್ಟದಿಂದ 3,940 ಅಡಿ ಎತ್ತರದ ಈ ಶಿಖರದಲ್ಲಿ ಗಾಳಿ ಟೋಪಿಯನ್ನು ಕಿತ್ತುಕೊಳ್ಳುತ್ತದೆ. ಸುತ್ತ ದಿಗಂತದವರೆಗೆ ನಾಡು ಹಾಸಿಕೊಂಡಿರುತ್ತದೆ. ಶುಭ್ರ ದಿನಗಳಲ್ಲಿ ದಕ್ಷಿಣಕ್ಕೆ ಶಿವಗಂಗೆಯ ನಂದಿಯಂಥ ಆಕಾರ, ಉತ್ತರಕ್ಕೆ ಮಧುಗಿರಿ ಕಡೆಯ ಬೆಟ್ಟಗಳು, ಪಶ್ಚಿಮಕ್ಕೆ ತುಮಕೂರಿನ ಬಿಳಿ ಕಟ್ಟಡಗಳು.

ನೀರಿನ ಕವಲು

ಮೇಲೆ ನಿಂತವರು ನೋಡಲೇಬೇಕಾದ, ಆದರೆ ಬಹುಮಂದಿ ನೋಡದೇ ಇಳಿಯುವ ಸಂಗತಿಯೊಂದಿದೆ. ಈ ಬೆಟ್ಟ ಎರಡು ನದಿಗಳ ತವರು.

ಇಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿಗಾಗಿ 2007ರಲ್ಲಿ ಘೋಷಿತವಾದ ಸಂರಕ್ಷಿತ ಪ್ರದೇಶಕ್ಕೆ ಈ ನದಿಯದೇ ಹೆಸರು. ಬೆಟ್ಟದ ದಕ್ಷಿಣ ಮಗ್ಗುಲಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ದೊಡ್ಡ ಕೆರೆಗೆ ನೀರುಣಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಂಗಿ, ಮದ್ದೂರು ದಾಟಿ ಕಾವೇರಿಯ ಮಡಿಲು ಸೇರುತ್ತದೆ. ಒಂದೇ ಮೋಡದಿಂದ ಉದುರಿದ ಎರಡು ಹನಿಗಳು ಈ ದಿಣ್ಣೆಯ ಎರಡು ಬದಿಗೆ ಬಿದ್ದರೆ ಒಂದು ಪೆನ್ನಾರ್ ಪಾಲು, ಇನ್ನೊಂದು ಕಾವೇರಿ ಪಾಲು. ಎರಡೂ ಕೊನೆಗೆ ಬಂಗಾಳ ಕೊಲ್ಲಿಯಲ್ಲೇ ಭೇಟಿಯಾಗುತ್ತವೆ, ನೂರಾರು ಮೈಲಿ ಸುತ್ತಿದ ಮೇಲೆ.

ಎರಡು ನದಿಗಳನ್ನು ಹೆತ್ತ ಬೆಟ್ಟದ ಬುಡದಲ್ಲಿರುವ ತುಮಕೂರು ಕುಡಿಯುವ ನೀರಿಗೆ ನೆಚ್ಚಿಕೊಂಡಿರುವುದು ಯಾವುದನ್ನು? ಹಾಸನ ಜಿಲ್ಲೆಯ ಗೊರೂರಿನಿಂದ ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆ ಸೇರುವ ಹೇಮಾವತಿಯನ್ನು. ನಾಲೆಯಲ್ಲಿ ನೀರು ಬಂತೇ, ಎಷ್ಟು ದಿನ ಬಂತು ಎಂಬುದೇ ಬೇಸಿಗೆಯ ದೊಡ್ಡ ಸುದ್ದಿ. ಜಯಮಂಗಲಿ, ಶಿಂಷಾ ಎರಡೂ ಮಳೆಯನ್ನೇ ನಂಬಿದವು. ಬೆಟ್ಟದ ಮಣ್ಣು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಟ್ಟಷ್ಟು ದಿನ ಮಾತ್ರ ಅವಕ್ಕೆ ಜೀವ.

ಆ ಮಣ್ಣಿಗೇ ಈಗ ಕುತ್ತು. ಮಾಗಿ ಕಳೆದು ಬಾದೆಹುಲ್ಲು ಒಣಗಿದರೆ ಕಾಡಿಗೆ ಬೆಂಕಿಯ ಭಯ. ಒಂದು ಬೀಡಿ ತುಂಡು ಸಾಕು. ಹೊಸ ಹುಲ್ಲು ಚಿಗುರಲೆಂದು ಬೇಕೆಂದೇ ಗೀರುವ ಕಡ್ಡಿಯೂ ಉಂಟು. ಬೆಂಕಿ ತರಗೆಲೆಯನ್ನು ಬೂದಿ ಮಾಡಿದರೆ ಇಳಿಜಾರಿಗೆ ಹೊದಿಕೆ ಇರುವುದಿಲ್ಲ. ಮೊದಲ ಮುಂಗಾರಿನ ಹೊಡೆತಕ್ಕೆ ನೀರು ಒಳಗಿಳಿಯದೆ ಮಣ್ಣನ್ನೇ ಎತ್ತಿಕೊಂಡು ಓಡುತ್ತದೆ. ಆ ಮಣ್ಣು ಹೋಗಿ ಕೂರುವುದು ಕೆಳಗಿನ ಕೆರೆಗಳಲ್ಲಿ. ಹೀಗೆ ಬೆಟ್ಟದ ಒಂದು ಸಂಜೆಯ ಬೆಂಕಿ, ಬಯಲಿನ ಕೆರೆಗೆ ಹೂಳಾಗುತ್ತದೆ, ರೈತನ ಕೊಳವೆಬಾವಿಗೆ ಇನ್ನಷ್ಟು ಆಳವಾಗುತ್ತದೆ.

ಇನ್ನೊಂದು ಕುತ್ತು ಪ್ರವಾಸಿಗರು ತರುವಂಥದು. ಬೆಟ್ಟದಲ್ಲಿ ಕೋತಿಗೆ ಬಿಸ್ಕತ್ತು ಕೊಡುವುದು ಪುಣ್ಯವೆಂದು ತಿಳಿದವರೇ ಪೊಟ್ಟಣವನ್ನು ಅಲ್ಲೇ ಬಿಸಾಡುತ್ತಾರೆ. ಕಾಡಿನ ಹಣ್ಣು ಮರೆತ ಕೋತಿ ಕೈಚೀಲ ಕಸಿಯುವುದನ್ನು ಕಲಿಯುತ್ತದೆ. ಮಳೆ ಬಂದಾಗ ಪ್ಲಾಸ್ಟಿಕ್ ಲೋಟಗಳು ನದಿಯ ಹುಟ್ಟಿನ ಜಾಗದಲ್ಲೇ ತೇಲತೊಡಗುತ್ತವೆ. ಕುಂಭಿಯ ತೀರ್ಥವನ್ನು ಕಣ್ಣಿಗೊತ್ತಿಕೊಂಡ ಕೈಯೇ ಖಾಲಿ ಬಾಟಲಿಯನ್ನು ಪ್ರಪಾತಕ್ಕೆ ಎಸೆಯುವುದು ವಿಚಿತ್ರವಾದರೂ ಸತ್ಯ.

ಹಿಂದೆ ಕೋಟೆಯ ಯಜಮಾನರಿಗೆ ನೀರಿನ ಬೆಲೆ ಗೊತ್ತಿತ್ತು. ಮುತ್ತಿಗೆ ಬಿದ್ದಾಗ ದುರ್ಗವನ್ನು ಉಳಿಸುತ್ತಿದ್ದುದು ಫಿರಂಗಿಗಿಂತ ಹೆಚ್ಚಾಗಿ ಬಂಡೆಯ ದೊಣೆಗಳಲ್ಲಿ ನಿಂತ ಮಳೆನೀರು. ದೊಣೆ ಬತ್ತಿದರೆ ಕೋಟೆ ಬಿದ್ದಂತೆಯೇ. ಅಂಥ ಎಚ್ಚರದಿಂದ ಕಾದ ಜಾಗವನ್ನು ಈಗ ಕಾಯುತ್ತಿರುವವರು ಅರಣ್ಯ ಇಲಾಖೆಯ ಬೆರಳೆಣಿಕೆಯ ಕಾವಲುಗಾರರು. ಬೇಸಿಗೆಯಲ್ಲಿ ಹೊಗೆ ಕಂಡತ್ತ ಹಸಿ ಸೊಪ್ಪಿನ ಕೊಂಬೆ ಹಿಡಿದು ಓಡುವವರೂ ಅವರೇ.

ಸಂಜೆ ಇಳಿಯುವ ಹೊತ್ತಿಗೆ ಬೆಟ್ಟದ ನೆರಳು ಕಾಡಿನ ಮೇಲೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಬಿದ್ದ ಗೋಡೆಯ ಮೇಲೆ ನವಿಲೊಂದು ಹತ್ತಿ ಕೂಗುತ್ತದೆ. ಕೆಳಗೆ ನಾಮದ ಚಿಲುಮೆಯ ಗುಂಡಿಯಲ್ಲಿ ಬೆಳಿಗ್ಗೆ ಇದ್ದಷ್ಟೇ ನೀರು. ಅಷ್ಟೂ ಜನ ಬೊಗಸೆಯೊಡ್ಡಿದ ಮೇಲೂ ಕಡಿಮೆಯಾಗಿಲ್ಲ. ಮೇಲಿನ ಕಾಡು ಇರುವವರೆಗೆ ಅದು ಕಡಿಮೆಯಾಗದು ಎಂಬ ನಂಬಿಕೆಯಿಂದಲೇ ಚಾರಣಿಗರು ಬುತ್ತಿಯ ಕಸವನ್ನು ಚೀಲಕ್ಕೆ ತುಂಬಿಕೊಂಡು ಊರಿನ ದಾರಿ ಹಿಡಿಯಬೇಕು.

ಹೋಗುವುದು ಹೇಗೆ?

ದೇವರಾಯನದುರ್ಗ ತುಮಕೂರಿನಿಂದ ಸುಮಾರು 15 ಕಿ.ಮೀ., ಬೆಂಗಳೂರಿನಿಂದ ಸುಮಾರು 70 ಕಿ.ಮೀ. ಕೋರ, ಶಿರಾ ಕಡೆಯಿಂದ ಬರುವವರು ತುಮಕೂರಿಗೆ ಬಂದು ಹೋಗುವುದು ಅನುಕೂಲ. ಕಾಡಿನೊಳಗೆ ನಡೆಯಬೇಕೆಂದಿರುವವರು ಮುಂಚಿತವಾಗಿ ಅರಣ್ಯ ಇಲಾಖೆಯನ್ನು ಸಂಪರ್ಕಿಸಬೇಕು. ಮಳೆಗಾಲದ ಕೊನೆ ಮತ್ತು ಚಳಿಗಾಲ ಪ್ರಶಸ್ತ. ಕುಡಿಯುವ ನೀರು, ಬುತ್ತಿ, ಗಟ್ಟಿ ಚಪ್ಪಲಿ ಜೊತೆಗಿರಲಿ. ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ.